ತೀರಿಕೊಂಡ ಕಲಾವಿದರ ಹಳೆಯ ಪ್ಲೇಟುಗಳು: ಯಾವುದು ಅಸಲಿ, ಯಾವುದನ್ನು ಕೇಳಿಸಬೇಕು?

ಓದುಗರ ಪ್ರಶ್ನೆ: ನಮ್ಮ ತಂದೆ ಹೋದ ವರ್ಷ ತೀರಿಕೊಂಡರು. ಅವರಿಗೆ ಜಾಝ್ ಮತ್ತು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹುಚ್ಚು. ಬೆಂಗಳೂರಿನಲ್ಲಿ ಕೊಂಡ, ಹೊರದೇಶಕ್ಕೆ ಹೋದವರಿಂದ ತರಿಸಿಕೊಂಡ ಎಲ್‌ಪಿ ಪ್ಲೇಟುಗಳು ಒಂದು ಟ್ರಂಕ್ ತುಂಬ ಇವೆ. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್, ಓಟಿಸ್ ರೆಡಿಂಗ್, ಅರೀಥಾ ಫ್ರಾಂಕ್ಲಿನ್, ಮಾರ್ವಿನ್ ಗೇ ಎಲ್ಲರೂ ಇದ್ದಾರೆ. ವರ್ಷದ ತಿಥಿ ಮುಗಿದ ಮೇಲಿನ ಭಾನುವಾರ ಅಪ್ಪನ ಸ್ನೇಹಿತರನ್ನು ಕರೆದು ಒಂದು ಸಂಜೆ ಇವನ್ನು ಕೇಳಿಸಬೇಕು ಅಂತ ಆಸೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪನ ಬಳಿಯಿರುವ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ತಪ್ಪು ವೇಗದ್ದು, ಎಸೆಯಿರಿ ಅಂದರು ಒಬ್ಬರು. ಅಮೆರಿಕದ ಬೆಂಕಿಯಲ್ಲಿ ಅಸಲಿ ಟೇಪುಗಳೆಲ್ಲ ಸುಟ್ಟುಹೋಗಿವೆ, ಈಗ ಸಿಗುವುದೆಲ್ಲ ನಕಲಿನ ನಕಲು ಅಂದರು ಇನ್ನೊಬ್ಬರು. ಓಟಿಸ್ ರೆಡಿಂಗ್ ಸಿಳ್ಳೆ ಹೊಡೆಯುವ ಹಾಡು ಅವರು ಸತ್ತ ಮೇಲೆ ಬೇರೆಯವರು ಜೋಡಿಸಿದ್ದಂತೆ. ಲಕ್ಷಗಟ್ಟಲೆ ಕೊಟ್ಟು ಮೊದಲ ಮುದ್ರಣ ಕೊಳ್ಳಬೇಕೋ, ಫೋನಿನಲ್ಲಿ ಹಾಕಿದರೆ ಸಾಕೋ? ಕೆಲವು ಪ್ಲೇಟಿಗೆ ಬೂಷ್ಟು ಹಿಡಿದಿದೆ. ಅದನ್ನು ಏನು ಮಾಡಲಿ?

ಉತ್ತರ:

ನಿಮ್ಮ ಪ್ರಶ್ನೆಗಳು ಐದಾರು, ಆದರೆ ಒಳಗಿರುವ ಭಯ ಒಂದೇ ಅನ್ನಿಸಿತು. ಅಪ್ಪ ಅಷ್ಟು ಪ್ರೀತಿಯಿಂದ ಕೇಳಿದ್ದು ಅಸಲಿಯೇ ಅಲ್ಲವೇನೋ ಅಂತ. ಹಳೆಯ ಟೇಪು, ಪ್ಲೇಟುಗಳಿಂದ ಧ್ವನಿ ಎತ್ತಿ ಉಳಿಸುವ ಕೆಲಸ ನನ್ನದು, ಇದೇ ಭಯ ಹೊತ್ತು ಬರುವವರನ್ನು ಆಗಾಗ ನೋಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಟ್ರಂಕಿನಲ್ಲಿರುವುದು ಅಸಲಿ ಸಂಗೀತವೇ. ನಿಮಗೆ ಹೇಳಿದವರು ಸುಳ್ಳನ್ನೂ ಹೇಳಿಲ್ಲ, ಪ್ರತಿಯೊಂದರಲ್ಲೂ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅನ್ನುವುದು ಗೊತ್ತಾದರೆ ಆ ಸಂಜೆ ನೀವು ಕೇಳಿಸುವ ರೀತಿಯೇ ಬೇರೆ ಆಗುತ್ತದೆ.

‘ಕೈಂಡ್ ಆಫ್ ಬ್ಲೂ’ದಿಂದ ಶುರು ಮಾಡೋಣ. ಅದು ಧ್ವನಿಮುದ್ರಣ ಆಗಿದ್ದು 1959ರಲ್ಲಿ, ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಮೊದಲು ಚರ್ಚ್ ಆಗಿತ್ತು, ಅದರ ಎತ್ತರದ ಚಾವಣಿಯ ಗುಂಗು ಪ್ಲೇಟಿನಲ್ಲೇ ಕೇಳುತ್ತದೆ. ಮಾರ್ಚ್ 2ರಂದು ಮೂರು ಹಾಡು, ಏಪ್ರಿಲ್ 22ರಂದು ಎರಡು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ನಿಧಾನ ಓಡುವ ಯಂತ್ರದಲ್ಲಿ ಮುದ್ರಿಸಿದ್ದನ್ನು ಸರಿಯಾದ ಯಂತ್ರದಲ್ಲಿ ಹಾಕಿದರೆ ಹಾಡು ವೇಗವಾಗುತ್ತದೆ, ಶ್ರುತಿ ಏರುತ್ತದೆ. ಏರಿದ್ದು ಅರ್ಧ ಸ್ವರದಷ್ಟೂ ಅಲ್ಲ, ಅದಕ್ಕಿಂತ ಕಡಿಮೆ. ಆದ್ದರಿಂದ ಮೊದಲ ಬದಿಯ ಮೂರು ಹಾಡು ಮೂವತ್ತಕ್ಕೂ ಹೆಚ್ಚು ವರ್ಷ ಸ್ವಲ್ಪ ಏರಿದ ಶ್ರುತಿಯಲ್ಲೇ ಮಾರಾಟವಾದವು. ಎರಡನೇ ಬದಿಗೆ ಈ ತೊಂದರೆಯೇ ಇಲ್ಲ. ಅವತ್ತು ಸುರಕ್ಷತೆಗೆಂದು ಇನ್ನೊಂದು ಯಂತ್ರವೂ ಜೊತೆಗೆ ಓಡುತ್ತಿತ್ತು, ಅದರ ವೇಗ ಸರಿಯಾಗಿತ್ತು. 1992ರಲ್ಲಿ ಆ ಟೇಪಿನಿಂದ ತಿದ್ದಿದ ಆವೃತ್ತಿ ಬಂತು. ಈಗ ಫೋನಿನಲ್ಲಿ ಸಿಗುವುದು ಬಹುಪಾಲು ಈ ತಿದ್ದಿದ್ದೇ.

ಹಾಗಾದರೆ ಅಪ್ಪನ ಪ್ಲೇಟು ತಪ್ಪೇ? ತಾಂತ್ರಿಕವಾಗಿ ಹೌದು. ಆದರೆ ಮೂರು ದಶಕಗಳ ಕಾಲ ಲೋಕದ ಜಾಝ್ ಕಲಾವಿದರು ಈ ಹಾಡುಗಳನ್ನು ಕಿವಿಯಲ್ಲಿ ಕಲಿತದ್ದು ಅದೇ ಏರಿದ ಶ್ರುತಿಯಿಂದ. ಪ್ಲೇಟಿನ ಜೊತೆ ಪಿಯಾನೋ ನುಡಿಸಲು ಹೋದವರಿಗೆ ಮಾತ್ರ ಎಲ್ಲೋ ಕೂಡಿಬರುತ್ತಿಲ್ಲ ಅನ್ನಿಸುತ್ತಿತ್ತು. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡು ಎರಡೂ ಬದಿ ಪರೀಕ್ಷಿಸಿ. ಮೊದಲ ಬದಿ ಏರಿ, ಎರಡನೆಯದು ಸರಿ ಇದ್ದರೆ ಹಳೆಯ ಆವೃತ್ತಿ. ಎರಡೂ ಬದಿ ಏರಿದ್ದರೆ ದೋಷ ನಿಮ್ಮ ಟರ್ನ್‌ಟೇಬಲ್‌ನದು, ಸುಮ್ನೆ ಪ್ಲೇಟಿನ ಮೇಲೆ ಹಾಕಬೇಡಿ. ಎಸೆಯುವ ಮಾತಂತೂ ಬೇಡವೇ ಬೇಡ. ಅಪ್ಪ ಕೇಳಿದ್ದು ಅದನ್ನೇ ಅಲ್ವಾ?

ಇನ್ನು ಬೆಂಕಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಜವಾಗಿಯೂ ನಷ್ಟ ಆಗಿದೆ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿತ್ತು. ಅಲ್ಲಿ ಒಂದು ಕಟ್ಟಡದ ತುಂಬ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮೂಲ ಟೇಪುಗಳಿದ್ದವು. ಟೇಪುಗಳು ಸುಟ್ಟದ್ದು ಆಗ ದೊಡ್ಡ ಸುದ್ದಿ ಆಗಲಿಲ್ಲ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜೀನ್‌ನಲ್ಲಿ ದೀರ್ಘ ವರದಿ ಬಂದಾಗ ಲೋಕಕ್ಕೆ ಗೊತ್ತಾಯಿತು. ಸುಮಾರು 5 ಲಕ್ಷ ಹಾಡುಗಳ ಮೂಲ ಹೋಗಿದೆ ಅಂತ ಕಂಪನಿಯ ಒಳಗಿನ ದಾಖಲೆಯೇ ಅಂದಾಜು ಮಾಡಿತ್ತು ಅನ್ನುವುದು ಆ ವರದಿ. ನಷ್ಟ ಅಷ್ಟಿಲ್ಲ, ತುಂಬ ಕಡಿಮೆ ಅನ್ನುವುದು ಕಂಪನಿಯ ವಾದ. ಇಂಪಲ್ಸ್ ಲೇಬಲ್ಲಿನಲ್ಲಿ (ಲೇಬಲ್ ಅಂದರೆ ಪ್ಲೇಟು ತರುವ ಕಂಪನಿಯ ಹೆಸರು) ಬಂದ ಕೋಲ್ಟ್ರೇನ್ ಮುದ್ರಣಗಳ ಹೆಸರೂ ಆ ಚರ್ಚೆಯಲ್ಲಿತ್ತು, ನಿಮ್ಮ ಸ್ನೇಹಿತರು ಹೇಳಿದ್ದು ಇದನ್ನೇ ಇರಬೇಕು.

ಇದಕ್ಕಿಂತ ಹಳೆಯ ಇನ್ನೊಂದು ಬೆಂಕಿ ಇದೆ, ಅದರ ಮಾತು ಯಾರೂ ಆಡುವುದಿಲ್ಲ. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಉಗ್ರಾಣ ಸುಟ್ಟಿತು. ಸೋಲ್ ಮತ್ತು ಜಾಝ್ ಮಟ್ಟಿಗೆ ನನಗೆ ಹೆಚ್ಚು ಸಂಕಟ ಕೊಡುವುದು ಇದು. ಅಲ್ಲಿ ಹೋದದ್ದು ಮುಖ್ಯವಾಗಿ ಬಿಡುಗಡೆ ಆಗದ ಟೇಪುಗಳು. ಒಂದೇ ಹಾಡನ್ನು ಬೇರೆ ಬೇರೆ ಸಲ ಹಾಡಿದ್ದು, ಅಭ್ಯಾಸದ ತುಣುಕುಗಳು, ನಡುವೆ ಆಡಿದ ಮಾತು. ಅವು ಯಾರೂ ಕೇಳದೆಯೇ ಹೋದವು, ಅದಕ್ಕೆ ಪ್ರತಿಯೂ ಇಲ್ಲ, ಪರಿಹಾರವೂ ಇಲ್ಲ.

ಆದರೆ ನಿಮ್ಮ ಟ್ರಂಕಿನಲ್ಲಿರುವುದು ಬಿಡುಗಡೆಯಾದ ಹಾಡುಗಳು, ಇವುಗಳ ಕಥೆ ಬೇರೆ. ಒಂದು ಪ್ಲೇಟು ಹುಟ್ಟುವುದು ಹೀಗೆ: ಸ್ಟುಡಿಯೋದ ಟೇಪು, ಅದನ್ನು ಮಿಶ್ರಣ ಮಾಡಿ ತೆಗೆದ ಮಾಸ್ಟರ್ ಟೇಪು, ಅದರಿಂದ ಕೊರೆದ ತಟ್ಟೆ, ಅದರಿಂದ ಲೋಹದ ಅಚ್ಚು, ಅಚ್ಚಿನಿಂದ ಒತ್ತಿದ ಪ್ಲೇಟು. ಹೊರದೇಶದ ಕಂಪನಿಗಳಿಗೆ ಸಾಮಾನ್ಯವಾಗಿ ಮಾಸ್ಟರ್‌ನ ಪ್ರತಿ ಕಳಿಸುತ್ತಿದ್ದರು. ಕಲ್ಕತ್ತಾ ಪಕ್ಕದ ಡಮ್‌ಡಮ್‌ನಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಒತ್ತಿದ ಪ್ಲೇಟುಗಳೂ ಹೀಗೆ ಬಂದವೇ. ಪ್ರತಿ ತೆಗೆದಂತೆಲ್ಲ ಸ್ವಲ್ಪ ‘ಸುಯ್’ ಶಬ್ದ ಸೇರುತ್ತದೆ, ತಾಳವಾದ್ಯದ ಹೊಳಪು ಸ್ವಲ್ಪ ಮಂಕಾಗುತ್ತದೆ. ಅಷ್ಟೇ. ಹಾಡು ಹೋಗುವುದಿಲ್ಲ.

ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ ನೋಡಿ. 1964ರ ಡಿಸೆಂಬರ್ 9ರ ಒಂದೇ ದಿನ, ನ್ಯೂಜೆರ್ಸಿಯಲ್ಲಿ ಧ್ವನಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ನಾಲ್ಕು ಭಾಗವೂ ಮುದ್ರಣವಾಯಿತು. ಎಷ್ಟೋ ವರ್ಷ ಅಮೆರಿಕದಲ್ಲಿ ಮರುಮುದ್ರಣಗಳು ಬಂದದ್ದು ಧ್ವನಿಯನ್ನು ಒತ್ತಿ ತಿದ್ದಿದ್ದ ಪ್ರತಿಯಿಂದ. ಕೊನೆಗೆ 2002ರ ಆವೃತ್ತಿಗೆ ಒಳ್ಳೆಯ ಟೇಪು ಸಿಕ್ಕಿದ್ದು ಎಲ್ಲಿ? ಇಂಗ್ಲೆಂಡಿನ ಇಎಂಐ ಕಂಪನಿಯ ಉಗ್ರಾಣದಲ್ಲಿ. 1965ರಲ್ಲಿ ಅಲ್ಲಿ ಪ್ಲೇಟು ಒತ್ತಲೆಂದು ಕಳಿಸಿದ್ದ ಪ್ರತಿ ಅದು. ಪ್ರತಿಯೇ ಕೃತಿಯನ್ನು ಕಾಪಾಡಿತು. ‘ನಕಲಿನ ನಕಲು’ ಅಂತ ಯಾರಾದರೂ ಮೂಗು ಮುರಿದಾಗ ನನಗೆ ನೆನಪಾಗುವುದು ಇದೇ. ಹಳೆಯ ಟೇಪೆಲ್ಲ ಕೊಳೆತಿರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. 1950ರ ದಶಕದ ಎಷ್ಟೋ ಟೇಪುಗಳು ಇಂದಿಗೂ ಚೆನ್ನಾಗಿ ಓಡುತ್ತವೆ. ಹೆಚ್ಚು ತೊಂದರೆ ಕೊಡುವುದು 1970ರ ದಶಕದ ನಡುವಿನಿಂದ ಬಂದ ಕೆಲವು ಟೇಪುಗಳು. ಅವುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ, ಹಗುರ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟ ಮೇಲೆಯೇ ಯಂತ್ರಕ್ಕೆ ಹಾಕಬೇಕು.

ಈಗ ಓಟಿಸ್ ರೆಡಿಂಗ್. ‘ಡಾಕ್ ಆಫ್ ದ ಬೇ’ ಅವರು ಸತ್ತ ಮೇಲೆ ಪೂರ್ತಿಯಾದ ಹಾಡು ಅನ್ನುವುದು ನಿಜ. ಬೇರೆಯವರು ಜೋಡಿಸಿದ ಹಾಡು ಅನ್ನುವುದು ನಿಜವಲ್ಲ. 1967ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಅವರೇ ಹಾಡಿ ಮುಗಿಸಿದ್ದರು. ಕೊನೆಯ ಸಿಳ್ಳೆಯೂ ಅವರದೇ. ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ಅವರ ಚಿಕ್ಕ ವಿಮಾನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನ ಮೊನೋನಾ ಕೆರೆಗೆ ಬಿತ್ತು. ವಯಸ್ಸು 26. ಅವರ ಜೊತೆ ನುಡಿಸುತ್ತಿದ್ದ ಬಾರ್‌ಕೇಸ್ ತಂಡದ ಹುಡುಗರಲ್ಲಿ ಆ ವಿಮಾನದಲ್ಲಿದ್ದವರ ಪೈಕಿ ಬೆನ್ ಕಾಲಿ ಒಬ್ಬರೇ ಬದುಕಿದ್ದು. ಹಾಡನ್ನು ಅವರೊಂದಿಗೆ ಬರೆದ ಗಿಟಾರ್ ವಾದಕ ಸ್ಟೀವ್ ಕ್ರಾಪರ್, ಆ ದುಃಖದಲ್ಲೇ ಕುಳಿತು ಮಿಶ್ರಣ ಮುಗಿಸಿದರು. ಅಲೆಗಳ ಸದ್ದು, ಕಡಲಹಕ್ಕಿಯ ಕೂಗು ಅವರು ಸೇರಿಸಿದ್ದು. 1968ರ ಜನವರಿಯಲ್ಲಿ ಬಿಡುಗಡೆಯಾಗಿ ಮಾರ್ಚ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಲಾವಿದ ಸತ್ತ ಮೇಲೆ ಒಂದು ಹಾಡು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಪ್ಲೇಟಿನಲ್ಲಿರುವ ಹಾಡು ಯಾವತ್ತೂ ಒಬ್ಬರದೇ ಆಗಿರುವುದಿಲ್ಲ. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿನಲ್ಲಿ ಅವರದೇ ಎರಡು ಧ್ವನಿ ಒಂದಕ್ಕೊಂದು ಮಾತಾಡುತ್ತವೆ ಅಲ್ವಾ? ಯಾವುದನ್ನು ಇಟ್ಟುಕೊಳ್ಳುವುದು ಅಂತ ಆರಿಸಲು ಎರಡು ಸಲ ಹಾಡಿದ್ದನ್ನು ಎಂಜಿನಿಯರ್ ಅಕಸ್ಮಾತ್ತಾಗಿ ಒಟ್ಟಿಗೆ ಕೇಳಿಸಿದರು. ಗೇ ಅವರಿಗೆ ಅದೇ ಹಿಡಿಸಿತು. ಕೆಳಗೆ ಓಡುವ ಆ ಬೇಸ್ ಗಿಟಾರ್ ಜೇಮ್ಸ್ ಜೇಮರ್ಸನ್ ಅವರದು. ಮೋಟೌನ್ ಕಂಪನಿಯ ಎಷ್ಟೋ ಜನಪ್ರಿಯ ಹಾಡುಗಳಿಗೆ ನುಡಿಸಿದ್ದರೂ ಅವರ ಹೆಸರು ಕವರ್ ಮೇಲೆ ಬರುತ್ತಿರಲಿಲ್ಲ. 1971ರ ಈ ಎಲ್‌ಪಿಯಲ್ಲಿ ವಾದಕರ ಹೆಸರು ಅಚ್ಚಾಯಿತು. ಜೇಮರ್ಸನ್ 1983ರ ಆಗಸ್ಟ್‌ನಲ್ಲಿ ತೀರಿಕೊಂಡರು, ಗೇ 1984ರ ಏಪ್ರಿಲ್ 1ರಂದು. ಅವತ್ತು ಸಂಜೆ ಆ ಹಾಡು ಹಾಕುವ ಮೊದಲು ಇಬ್ಬರ ಹೆಸರನ್ನೂ ಹೇಳಿ, ಸಾಕು. ಅರೀಥಾ ಅವರ ‘ರೆಸ್ಪೆಕ್ಟ್’ ಕೂಡ ಹೀಗೆಯೇ. ಬರೆದು 1965ರಲ್ಲಿ ಮೊದಲು ಹಾಡಿದ್ದು ಓಟಿಸ್ ರೆಡಿಂಗ್. 1967ರಲ್ಲಿ ಅರೀಥಾ ಅದನ್ನು ಹೆಣ್ಣಿನ ಬಾಯಿಗೆ ತಂದರು, ಇಡೀ ಹಾಡಿನ ಅರ್ಥವೇ ತಿರುಗಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಒಂದೂ ಮಾತಾಡದೆ.

ಈಗ ದುಡ್ಡಿನ ಮಾತು. ಮೊದಲ ಮುದ್ರಣ ಕೊಳ್ಳಬೇಕೇ? ನನ್ನ ಅಭಿಪ್ರಾಯ, ಬೇಡ. ಬ್ಲೂ ನೋಟ್ ಲೇಬಲ್ಲಿನ ಕೆಲವು ಮೊದಲ ಮುದ್ರಣಗಳು ಸಾವಿರಾರು ಡಾಲರ್‌ಗೆ ಹೋಗುತ್ತವೆ. ಅವು ಚೆನ್ನಾಗಿ ಕೇಳಿಸುತ್ತವೆ ಅನ್ನುವುದು ಸುಳ್ಳಲ್ಲ, ಟೇಪು ಇನ್ನೂ ಹೊಸದಾಗಿದ್ದಾಗ ಕೊರೆದವು ಅವು. ಆದರೆ 60 ವರ್ಷ ಯಾರ್ಯಾರೋ ಯಾವ್ಯಾವುದೋ ಸೂಜಿ ಹಾಕಿ ಉಜ್ಜಿದ ಪ್ಲೇಟು ಫೋಟೋದಲ್ಲಿ ಹೊಳೆಯುತ್ತದೆ, ಮನೆಗೆ ಬಂದ ಮೇಲೆ ಜೋರು ಸ್ವರಕ್ಕೆಲ್ಲ ಕರಕರ ಅನ್ನುತ್ತದೆ. ಈ ಸವೆತವನ್ನು ಯಾವ ತೊಳೆಯುವಿಕೆಯೂ ಸರಿಮಾಡದು. ದೂರದಿಂದ ಕೊಳ್ಳುವವರಿಗೆ ಇದು ದೊಡ್ಡ ಅಪಾಯ.

ಹೊಸ ಮರುಮುದ್ರಣ ಕೊಳ್ಳುವುದಾದರೆ ಹುಷಾರಾಗಿರಬೇಕಾದ್ದು ಬೇರೆ. ಯುರೋಪಿನಲ್ಲಿ 1963ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ. ಹಾಗಾಗಿ ಅಲ್ಲಿನ ಎಷ್ಟೋ ಸಣ್ಣ ಕಂಪನಿಗಳು ಮೂಲ ಟೇಪು ಮುಟ್ಟದೆ, ಯಾವುದೋ ಸಿಡಿಯಿಂದ ಪ್ಲೇಟು ಒತ್ತಿ ಅಗ್ಗಕ್ಕೆ ಮಾರುತ್ತವೆ. ಕಾನೂನಿಗೆ ವಿರುದ್ಧವಲ್ಲ, ಆದರೆ ಸಿಡಿಯ ಧ್ವನಿಗೆ ಪ್ಲೇಟಿನ ಬೆಲೆ ಕೊಟ್ಟಂತಾಯಿತು. ಮೂಲ ಹಕ್ಕುದಾರ ಕಂಪನಿಯ ಹೆಸರು, ಯಾವ ಟೇಪಿನಿಂದ ಯಾರು ಮಾಸ್ಟರ್ ಮಾಡಿದರು ಅನ್ನುವ ವಿವರ ಕವರ್ ಮೇಲೆ ಇಲ್ಲದಿದ್ದರೆ ಬಿಟ್ಟುಬಿಡಿ. ದುಬಾರಿ ಆದ ಮಾತ್ರಕ್ಕೆ ನಂಬಬೇಕು ಅಂತಲೂ ಇಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಷ್ಟೋ ಪ್ಲೇಟುಗಳ ತಯಾರಿಯಲ್ಲಿ ನಡುವೆ ಡಿಜಿಟಲ್ ಹಂತ ಇತ್ತು ಅನ್ನುವುದು 2022ರಲ್ಲಿ ಹೊರಬಂದಾಗ, ಪೂರ್ತಿ ಅನಲಾಗ್ (ನಡುವೆ ಡಿಜಿಟಲ್ ಇಲ್ಲದೆ ಟೇಪಿನಿಂದಲೇ ಕೊರೆದದ್ದು) ಅಂದುಕೊಂಡು ಕೊಂಡಿದ್ದವರು ಕೋರ್ಟಿಗೂ ಹೋದರು. ಧ್ವನಿ ಕೆಟ್ಟದಾಗಿತ್ತೇ? ಇಲ್ಲ, ಅದೇ ಜನ ಅದನ್ನು ಹೊಗಳಿ ಬರೆದಿದ್ದರು. ಕೊಳ್ಳುವವರಿಗೆ ಅದನ್ನು ಹೇಳಿರಲಿಲ್ಲ ಅನ್ನುವುದೇ ತಪ್ಪು.

ಫೋನಿನಲ್ಲಿ ಹಾಕುವುದರಲ್ಲಿ ಅವಮಾನ ಏನೂ ಇಲ್ಲ, ಒಳ್ಳೆಯ ಸ್ಪೀಕರ್ ಇದ್ದರೆ ಆಯಿತು. ಅಲ್ಲಿನ ಅಪಾಯ ಒಂದೇ, ಹೆಸರು ನೋಡಿ ಒತ್ತಿಬಿಡುವುದು. 1960ರ ದಶಕದ ಎಷ್ಟೋ ಸೋಲ್ ಗಾಯಕರು ವಯಸ್ಸಾದ ಮೇಲೆ, ಹಳೆಯ ಹಾಡಿನ ಹಕ್ಕು ಕೈಯಲ್ಲಿ ಇಲ್ಲದೆ, ಹೊಟ್ಟೆಪಾಡಿಗೆ ಅದೇ ಹಾಡುಗಳನ್ನು ಮತ್ತೆ ಹಾಡಿ ಮುದ್ರಿಸಿಕೊಂಡರು. ‘ಅತ್ಯುತ್ತಮ ಹಾಡುಗಳು’ ಅನ್ನುವ ಅಗ್ಗದ ಸಂಗ್ರಹಗಳಲ್ಲಿ ಇರುವುದು ಹೆಚ್ಚಾಗಿ ಅವು. ಗಾಯಕ ಅವರೇ, ಹಾಡೂ ಅದೇ, ಆದರೆ ಅದು ಬೇರೆ ಮುದ್ರಣ. ಅಪ್ಪನ ಎಲ್‌ಪಿಯ ಕವರ್ ಕೈಯಲ್ಲಿ ಹಿಡಿದು ಆಲ್ಬಮ್ಮಿನ ಹೆಸರು, ವರ್ಷ ಎರಡೂ ಸರಿಯಾಗಿ ಹೊಂದುತ್ತವೆಯೇ ನೋಡಿ ಆರಿಸಿ. ಒಂದೇ ಆಲ್ಬಮ್ಮಿನಲ್ಲೂ ವ್ಯತ್ಯಾಸ ಇರುವುದುಂಟು. ರೆಡಿಂಗ್ ಅವರ ‘ಓಟಿಸ್ ಬ್ಲೂ’ ಎಲ್‌ಪಿಯ ಮಾನೋ (ಎರಡೂ ಸ್ಪೀಕರಿನಲ್ಲಿ ಒಂದೇ ಧ್ವನಿ ಬರುವ) ಆವೃತ್ತಿಯಲ್ಲಿರುವ ‘ಐ ಹ್ಯಾವ್ ಬೀನ್ ಲವಿಂಗ್ ಯೂ ಟೂ ಲಾಂಗ್’ ಬೇರೆ, ಸ್ಟೀರಿಯೋದಲ್ಲಿರುವುದು ಬೇರೆ. ಮೊದಲಿನದು ಮಾನೋದಲ್ಲಿ ಮಾತ್ರ ಇದ್ದುದರಿಂದ ಸ್ಟೀರಿಯೋಗೆ ಅಂತ ಮತ್ತೆ ಹಾಡಿದರು. ನನಗೆ ಮಾನೋದ್ದೇ ಇಷ್ಟ, ಅದರಲ್ಲಿ ಅವಸರ ಇಲ್ಲ.

ಡಿಜಿಟಲ್ ಮಾಡಿ ‘ಕ್ಲೀನ್’ ಮಾಡಿಕೊಡುತ್ತೇವೆ ಅನ್ನುವವರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೀರಿನ ಟಕ್ ಟಕ್ ಸದ್ದನ್ನು ಕೈಯಿಂದ ಒಂದೊಂದಾಗಿ ತೆಗೆಯಬಹುದು, ಹಾನಿ ಕಡಿಮೆ. ಆದರೆ ಒಂದೇ ಗುಂಡಿ ಒತ್ತಿ ‘ಸುಯ್’ ಸದ್ದನ್ನೆಲ್ಲ ತೆಗೆದರೆ ಸಂಗೀತವೂ ಜೊತೆಗೆ ಹೋಗುತ್ತದೆ. ‘ಕೈಂಡ್ ಆಫ್ ಬ್ಲೂ’ದ ಮೊದಲ ಹಾಡು ‘ಸೋ ವಾಟ್’ನಲ್ಲಿ ಮೈಲ್ಸ್ ಒಬ್ಬರೇ ನುಡಿಸಲು ಶುರುಮಾಡುವ ಕಡೆ ಡ್ರಮ್ ವಾದಕ ಜಿಮ್ಮಿ ಕಾಬ್ ಸಿಂಬಲ್ (ಕಂಚಿನ ತಟ್ಟೆ) ಮೇಲೆ ಒಂದು ಏಟು ಹಾಕುತ್ತಾರೆ. ಆ ಕಂಚಿನ ನಾದ ತೆಳುವಾಗುತ್ತಾ ಆಗುತ್ತಾ ಟೇಪಿನ ಸುಯ್ಯೊಳಗೇ ಸೇರಿಹೋಗುತ್ತದೆ. ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅರ್ಧದಲ್ಲೇ ಕತ್ತರಿಸುತ್ತದೆ. ಆ ಪ್ಲೇಟಿನ ಏಳು ಜನ ವಾದಕರಲ್ಲಿ ಕೊನೆಯವರೆಗೆ ಉಳಿದಿದ್ದವರು ಕಾಬ್. ಅವರು 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರನ್ನು ನೆನೆಯುವುದಾದರೆ ಆ ಏಟು ಪೂರ್ತಿ ಕೇಳಿಸಲಿ. ಆದ್ದರಿಂದ ಯಾರ ಹತ್ತಿರ ಕೊಟ್ಟರೂ ಏನೂ ತಿದ್ದದ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಝ್ ಅನ್ನುವ ಮೇಲಿನ ಗುಣಮಟ್ಟದಲ್ಲಿ ಮೊದಲು ಕೇಳಿ ತೆಗೆದುಕೊಳ್ಳಿ. ತಿದ್ದಿದ್ದು ಆಮೇಲೆ, ಬೇಕಿದ್ದರೆ. ಮನೆಯಲ್ಲಿ ಕೇಳಲು ಇದನ್ನೆಲ್ಲ ಮಾಡಿಕೊಳ್ಳಬಹುದು. ಯೂಟ್ಯೂಬ್‌ಗೆ ಹಾಕುವ ಯೋಚನೆ ಇದ್ದರೆ ಹಕ್ಕಿನ ಪ್ರಶ್ನೆ ಬರುತ್ತದೆ, ಅದು ಬೇಡ.

ಏನು ಕೇಳಿಸಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಡಿಮೆ ಹಾಕಿ. ಹದಿನೈದು ಕಲಾವಿದರ ಒಂದೊಂದು ಹಾಡಿಗಿಂತ ಒಂದು ಪ್ಲೇಟಿನ ಪೂರ್ತಿ ಬದಿ ಕೇಳಿಸುವುದು ಮೇಲು, ಏಕೆಂದರೆ ಆ ಕಾಲದವರು ಬದಿಯನ್ನೇ ಒಂದು ಅಳತೆಯಾಗಿ ಇಟ್ಟುಕೊಂಡು ಹಾಡುಗಳನ್ನು ಜೋಡಿಸುತ್ತಿದ್ದರು. ಬಂದವರಲ್ಲಿ ಈ ಸಂಗೀತ ಗೊತ್ತಿಲ್ಲದವರು ಜಾಸ್ತಿ ಇದ್ದರೆ ಸೋಲ್ ಗಾಯಕ ಡಾನಿ ಹ್ಯಾಥವೇ ಅವರ 1972ರ ‘ಲೈವ್’ ಹಾಕಿ. ಸಣ್ಣ ಜಾಗದಲ್ಲಿ ಕೂತ ಜನ ‘ಯೂ ಹ್ಯಾವ್ ಗಾಟ್ ಎ ಫ್ರೆಂಡ್’ ಹಾಡನ್ನು ಅವರ ಬಾಯಿಂದ ಕಿತ್ತುಕೊಂಡು ತಾವೇ ಹಾಡುತ್ತಾರೆ, ಅವರು ಸುಮ್ಮನೆ ಬಿಟ್ಟುಕೊಡುತ್ತಾರೆ. ಹ್ಯಾಥವೇ 1979ರಲ್ಲಿ, 33ನೇ ವಯಸ್ಸಿಗೆ ಹೋದರು. ಟ್ರಂಕಿನಲ್ಲಿ ‘ಜ್ಯೋತಿ’ ಅನ್ನುವ 1983ರ ಪ್ಲೇಟು ಇದೆಯೇ ಹುಡುಕಿ ನೋಡಿ. ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ನುಡಿಸಿದ್ದು, ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ. ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ 1963ರಲ್ಲಿ ನುಡಿಸಿದ ಅದೇ ಮರಿಯಾನೋ ಇವರು, ನಾಗಸ್ವರವನ್ನೂ ಕಲಿತಿದ್ದರು. 2009ರಲ್ಲಿ ತೀರಿಕೊಂಡರು. ಅಪ್ಪನ ಸ್ನೇಹಿತರನ್ನು ಕರೆಯುತ್ತೇನೆ ಅಂದಿರಲ್ಲ, ಅವರಿಗೆ ಇದು ಹಿಡಿಸುತ್ತದೆ.

ಕೊನೆಗೆ ಬೂಷ್ಟು. ತೊಳೆಯದೆ ಸೂಜಿ ಇಡಲೇಬೇಡಿ, ಬೂಷ್ಟು ಗೆರೆಯೊಳಗೆ ಒತ್ತಿ ಕೂರುತ್ತದೆ, ಸೂಜಿಯೂ ಹಾಳು. ಆ ಪ್ಲೇಟುಗಳನ್ನು ಬೇರೆ ಇಡಿ, ಒಳಗಿನ ಕಾಗದದ ಚೀಲ ಎಸೆದು ಹೊಸದು ಹಾಕಿ, ಹೊರಗಿನ ಕವರ್ ಮಾತ್ರ ನೆರಳಿನಲ್ಲಿ ಗಾಳಿಗೆ ಇಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ವಾಸನೆಯಿಲ್ಲದ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ. ನಡುವಿನ ಲೇಬಲ್ ಒದ್ದೆ ಆಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಅವುಗಳ ನಡುವೆ 78 ವೇಗದ ಗಡುಸು ಪ್ಲೇಟು ಇದ್ದರೆ ಸ್ಪಿರಿಟ್ ತಾಗಿಸಬೇಡಿ, ಅದರ ಅರಗು ಕರಗುತ್ತದೆ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್‌ನಲ್ಲೂ ಹಾಕಬೇಡಿ. ಒಳ್ಳೆಯ ಟರ್ನ್‌ಟೇಬಲ್ ಸೂಜಿ ಸುಮಾರು 2 ಗ್ರಾಂ ಭಾರ ಹಾಕಿದರೆ ಅದು 5 ಗ್ರಾಂ ಆಸುಪಾಸು ಹಾಕುತ್ತದೆ. ಒಂದು ದಿನದ ಮಟ್ಟಿಗೆ ಸ್ನೇಹಿತರಿಂದ ಒಳ್ಳೆಯದನ್ನು ಕೇಳಿ ತನ್ನಿ, ಸೂಜಿ ಮಾತ್ರ ಹೊಸದು ಹಾಕಿಸಿ.